ವಾಲ್ಟರನ ಮಗಳು

ಹುಡುಗ ಬಂದ ಮೊದಲ ಸಂಜೆಯೇ ಅರ್ಡಿಸ್ ಹೌಗನ್ ಒಂದು ಸುಳ್ಳು ಹೇಳಿದಳು. ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು, ಹೇಳಿಬಿಟ್ಟಳು. ಅರವತ್ತು ದಾಟಿದ, ಚರ್ಚಿನ ಅಡುಗೆಮನೆಯಲ್ಲಿ ಎಲ್ಲರಿಗಿಂತ ಮೊದಲು ಏಪ್ರನ್ ಕಟ್ಟುವ, ಊರಿಗಿರುವ ಒಂದೇ ಡ್ರೈಕ್ಲೀನಿಂಗ್ ಅಂಗಡಿಯ ಯಜಮಾನಿ ಹೀಗೆ ಮಾಡಬಾರದಿತ್ತು. ಆದರೆ ಹುಡುಗ ಕೇಳಿದ ಪ್ರಶ್ನೆಯೂ ಹಾಗಿತ್ತು ಅನ್ನಿ.

ಹುಡುಗನ ಹೆಸರು ಗ್ಲೆಬ್. ರಷ್ಯಾದ ಪೆರ್ಮ್ ಪಟ್ಟಣದವನು, ವ್ಯಾಪಾರದ ವಿದ್ಯೆ ಓದುತ್ತಿದ್ದ. ಅಲ್ಲಿ ಹಳೆಯ ಸರಕಾರ ಹೋಗಿ, ಅಂಗಡಿ ಮುಂಗಟ್ಟುಗಳು ಜನರ ಕೈಗೆ ಬಂದು ಕೆಲವು ವರ್ಷಗಳಾಗಿದ್ದವು. ಬಂದದ್ದನ್ನು ನಡೆಸುವುದು ಹೇಗೆಂದು ಕಲಿಯಲು ವಿದ್ಯಾರ್ಥಿಗಳು ಅಮೆರಿಕಕ್ಕೆ ಬರುತ್ತಿದ್ದರು. ಮಿನೆಸೋಟಾದ ಈ ಪುಟ್ಟ ಊರಿನ ರೋಟರಿ ಕ್ಲಬ್ಬಿನವರು ಪ್ರತಿ ಶರತ್ಕಾಲದಲ್ಲಿ ಅಂಥ ಒಬ್ಬರನ್ನು ಕರೆಸಿಕೊಂಡು, ತಮ್ಮ ಮನೆಯಲ್ಲೇ ಇಟ್ಟುಕೊಂಡು, ತಮ್ಮ ಅಂಗಡಿಯಲ್ಲೇ ಕೆಲಸ ಕಲಿಸುತ್ತಿದ್ದರು. ಈ ಸಲದ ಹುಡುಗನಿಗೆ ತನ್ನೂರಿನಲ್ಲಿ ಡ್ರೈಕ್ಲೀನಿಂಗ್ ಅಂಗಡಿ ತೆಗೆಯುವ ಆಸೆ ಎಂದು ಗೊತ್ತಾದ ಕೂಡಲೇ ಎಲ್ಲರ ಕಣ್ಣೂ ಅರ್ಡಿಸಳ ಮೇಲೆ ಬಿತ್ತು. ಗಂಡ ತೀರಿಕೊಂಡ ಮೇಲೆ ಮಹಡಿಯ ಕೋಣೆ ಹೇಗೂ ಖಾಲಿಯಿತ್ತು. ಅವಳು ಹೂಂ ಅಂದಳು.

"ಮಿಸೆಸ್ ಹೌಗನ್ ಗಿಸೆಸ್ ಹೌಗನ್ ಎಲ್ಲ ಬೇಡಪ್ಪ. ಅರ್ಡಿಸ್ ಅನ್ನು, ಸಾಕು" ಅಂದಳು ಆ ಸಂಜೆ, ತಟ್ಟೆಗೆ ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಬಡಿಸುತ್ತ.

ಗ್ಲೆಬನ ಕಿವಿ ಕೆಂಪಾಯಿತು. ಅವನು ಇಂಗ್ಲಿಷನ್ನು ಪುಸ್ತಕ ಓದಿ ಕಲಿತವನು, ಆಡುವ ಮಾತೂ ಪುಸ್ತಕ ಓದಿದ ಹಾಗೆಯೇ ಇತ್ತು.

"ದಯವಿಟ್ಟು ಕ್ಷಮಿಸಬೇಕು. ಹಿರಿಯರನ್ನು ಬರಿಯ ಹೆಸರಿನಿಂದ ಕರೆಯುವುದು ನನ್ನಿಂದ ಸಾಧ್ಯವಿಲ್ಲ. ಅಜ್ಜಿಗೆ ತಿಳಿದರೆ ನನ್ನ ಕಿವಿಯನ್ನು ಹಿಂಡುವರು."

"ನಿಮ್ಮಜ್ಜಿ ಪೆರ್ಮಲ್ಲಿದಾರೆ. ಇಲ್ಲೀವರೆಗೂ ಕೈ ಎಟುಕುತ್ತಾ?"

"ತಾವು ನನ್ನ ಅಜ್ಜಿಯನ್ನು ನೋಡಿಲ್ಲ" ಅಂದ ಗ್ಲೆಬ್, ನಗದೆ. "ನಮ್ಮಲ್ಲಿ ಹೆಸರಿನೊಂದಿಗೆ ತಂದೆಯ ಹೆಸರನ್ನು ಸೇರಿಸಿ ಕರೆಯುತ್ತಾರೆ. ಅದೇ ಮರ್ಯಾದೆ. ತಮ್ಮ ತಂದೆಯವರ ಹೆಸರೇನು?"

ಅರ್ಡಿಸಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಈ ಊರಿನಲ್ಲಿ ಅವಳನ್ನು ಯಾರೂ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಕನಿಕರದಿಂದಲ್ಲ, ಎಲ್ಲರಿಗೂ ಗೊತ್ತಿತ್ತು, ಅದಕ್ಕೆ. ಅವಳ ತಾಯಿ ಸಿಗ್ನೆಗೆ ಮದುವೆಯಾಗಿರಲಿಲ್ಲ. ಮಗುವಿನ ಅಪ್ಪ ಯಾರೆಂದು ಪಾದ್ರಿ ಕೇಳಿದರೂ ಆಕೆ ಬಾಯಿ ಬಿಡಲಿಲ್ಲ, ಸಾಯುವವರೆಗೂ ಬಿಡಲಿಲ್ಲ. ಕೊನೆಗೆ ಮಗಳೇ ಕೇಳುವುದನ್ನು ಬಿಟ್ಟಳು. ಊರೇನು ಸುಮ್ಮನಿರಲಿಲ್ಲ. ಅವಳ ಎದುರಿಗೆ ಆಡದಷ್ಟು ಸಭ್ಯತೆ ಇತ್ತು, ಬೆನ್ನ ಹಿಂದೆ ಆಡಿದ್ದು ಅವಳಿಗೆ ಕೇಳಿಸುತ್ತಿತ್ತು.

ಹುಡುಗ ಕಾಯುತ್ತಿದ್ದ. ಅಷ್ಟರಲ್ಲಿ ಬೆಕ್ಕು ಎದುರಿನ ಕುರ್ಚಿಗೆ ಹಾರಿ ಕೂತು, ತನಗೂ ಬಡಿಸಲಿ ಎಂಬಂತೆ ಅವಳ ಮುಖ ನೋಡಿತು.

"ವಾಲ್ಟರ್" ಅಂದಳು ಅರ್ಡಿಸ್.

"ಅರ್ಡಿಸ್ ವಾಲ್ಟರೊವ್ನಾ" ಎಂದು ಗ್ಲೆಬ್ ಎದ್ದು ನಿಂತು ಹೇಳಿದ. ಹೇಳಿ, ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು ಊಟಕ್ಕೆ ಕೈ ಹಾಕಿದ. ಅರ್ಡಿಸಳಿಗೆ ತಪ್ಪು ಮಾಡಿದೆ ಅನಿಸಿತು, ಆದರೆ ಖುಷಿಯೂ ಆಯಿತು. ತನಗೇ ನಾಚಿಕೆಯಾಗುವಷ್ಟು ಖುಷಿ.

ಮಾರನೆಯ ಬೆಳಿಗ್ಗೆ "ವಾಲ್ಟರ್, ಇಳಿಯೋ ಕೆಳಗೆ, ದರಿದ್ರದವನೇ!" ಎಂದು ಅವಳು ಗದರಿದ್ದು ಮೆಟ್ಟಿಲಿಳಿಯುತ್ತಿದ್ದ ಹುಡುಗನಿಗೆ ಕೇಳಿಸಿತು. ಅವನು ಬೆಕ್ಕನ್ನು ನೋಡಿದ, ಅವಳನ್ನು ನೋಡಿದ, ಕಣ್ಣು ತೇವವಾಯಿತು.

"ತಂದೆಯವರ ನೆನಪಿಗಾಗಿ ಇದಕ್ಕೆ ಅವರ ಹೆಸರನ್ನೇ ಇಟ್ಟಿದ್ದೀರಿ."

ಅರ್ಡಿಸಳಿಗೆ ಕಾಫಿ ನೆತ್ತಿಗೇರಿತು. ಅಂದಿನಿಂದ ಗ್ಲೆಬ್ ಆ ಬೆಕ್ಕಿಗೆ ದಾರಿ ಬಿಟ್ಟು ನಡೆಯತೊಡಗಿದ. ಒಮ್ಮೆ ತನ್ನ ಕೋಟಿನ ಮೇಲೆ ಮಲಗಿದ್ದ ಅದಕ್ಕೆ "ಸ್ವಲ್ಪ ಏಳುತ್ತೀರಾ?" ಎಂದು ಕೇಳಿದ್ದನ್ನು ಅವಳು ಕಿವಿಯಾರೆ ಕೇಳಿದಳು. ಬೆಕ್ಕು ಏಳಲಿಲ್ಲ. ಅದಕ್ಕೆ ಮೊದಲೇ ಸೊಕ್ಕು, ಈಗ ಕೇಳಬೇಕೇ?

ಅಂಗಡಿಯಲ್ಲಿ ಹುಡುಗ ಬೇಗ ಪಳಗಿದ. ಸಾಸಿವೆ ಕಲೆಗೆ ಬಿಸಿ ತಾಗಿಸಬಾರದು, ಗುಂಡಿಗಳಿಗೆ ಬೆಳ್ಳಿಕಾಗದ ಸುತ್ತಬೇಕು, ಜೇಬಿನಲ್ಲಿ ಸಿಕ್ಕಿದ್ದು ಹಲ್ಲುಕಡ್ಡಿಯಾದರೂ ಲಕೋಟೆಗೆ ಹಾಕಿ ಹ್ಯಾಂಗರಿಗೆ ಸಿಕ್ಕಿಸಬೇಕು, ಇವೆಲ್ಲ ಒಂದೆರಡು ವಾರದಲ್ಲಿ ಬಂತು. ಗಿರಾಕಿಯ ಮುಖ ನೋಡಿ ನಗುವುದು ಮಾತ್ರ ಬರಲಿಲ್ಲ. "ಕಾರಣವಿಲ್ಲದೆ ನಕ್ಕರೆ ನಮ್ಮಲ್ಲಿ ತಲೆ ಕೆಟ್ಟಿದೆ ಎನ್ನುತ್ತಾರೆ" ಅಂದ. "ಇಲ್ಲಿ ನಗದೇ ಇದ್ರೆ ಅಂಗಡಿ ಮುಚ್ತಿದಾನೆ ಅಂತಾರೆ" ಅಂದಳು ಅರ್ಡಿಸ್. ಅವನು ರಾತ್ರಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ಮರುದಿನ ಆ ನಗು ನೋಡಿ ಪಾದ್ರಿಯ ಹೆಂಡತಿ ಚಿಲ್ಲರೆ ತೆಗೆದುಕೊಳ್ಳದೆ ಹೊರಟುಹೋದಳು.

ದಿನ ಕಳೆದಂತೆ ಅವನ ಪುಸ್ತಕದ ಮಾತು ಸಡಿಲವಾಯಿತು, ಊರವರ ಹಾಗೆ ಎಳೆದೆಳೆದು ಮಾತಾಡುವುದೂ ಬಂತು. ಅರ್ಡಿಸ್ ಮಾಡುವ ಪ್ರತಿಯೊಂದು ಅಡುಗೆಯ ಮೇಲೂ ಹುಳಿಕೆನೆ ಸುರಿದುಕೊಂಡು ತಿಂದ. ಚಪ್ಪಲಿ ಹಾಕದೆ ತಣ್ಣನೆಯ ನೆಲದ ಮೇಲೆ ಓಡಾಡುತ್ತೀರೆಂದು ಅವಳನ್ನೇ ಗದರಿದ. ಇಡೀ ದಿನದಲ್ಲಿ "ಅರ್ಡಿಸ್ ವಾಲ್ಟರೊವ್ನಾ" ಎಂದು ಅದೆಷ್ಟು ಸಲ ಕರೆಯುತ್ತಿದ್ದನೋ! ಪ್ರತಿ ಸಲವೂ ಅವಳಿಗೆ ಇಂದು ಹೇಳಿಬಿಡಬೇಕು ಅನಿಸುತ್ತಿತ್ತು, ಪ್ರತಿ ಸಲವೂ ಇನ್ನೊಮ್ಮೆ ಕರೆಯಲಿ ಅನಿಸುತ್ತಿತ್ತು.

ಹೀಗೇ ಹುಡುಗ ಹೊರಡುವ ದಿನ ಹತ್ತಿರ ಬಂತು. ಆ ಹೊತ್ತಿಗೆ ಡೆಲ್ಮರ್ ರಸ್ತಾದ್ ತನ್ನ ಸೂಟು ಒಗೆಯಲು ಕೊಡಲು ಬಂದ. ಮರದ ವ್ಯಾಪಾರಿ, ಆ ವರ್ಷ ಕ್ಲಬ್ಬಿನ ಅಧ್ಯಕ್ಷ, ಶಾಲೆಯಲ್ಲಿ ಅರ್ಡಿಸಳ ಹಿಂದಿನ ಬೆಂಚಿನಲ್ಲಿ ಕೂತು ಅವಳ ಜಡೆ ಎಳೆದವನು. ಅವನ ಎದುರಿಗೇ ಗ್ಲೆಬ್ ಒಳಗಿನಿಂದ ಕೂಗಿದ:

"ಅರ್ಡಿಸ್ ವಾಲ್ಟರೊವ್ನಾ, ಈ ಕಲೆ ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ!"

"ನೆನೆಯೋಕೆ ಬಿಡು, ಬಂದೆ."

ಡೆಲ್ಮರ್ ಕೌಂಟರಿನ ಮೇಲೆ ಬಾಗಿದ. "ಅದೇನೇ ಅದು, ವಾಲ್ಟರೊವ್ನಾ ಅಂದ್ರೆ?"

ವಾಲ್ಟರನ ಮಗಳು ಅಂತ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಅವನ ಹುಬ್ಬು ಮೇಲೇರಿತು.

"ವಾಲ್ಟರ್ ನಿನ್ನ ಬೆಕ್ಕಲ್ವೇನೇ?"

"ಮೆಲ್ಲಗೆ ಮಾತಾಡೋ."

ಡೆಲ್ಮರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ನಗಲಿಲ್ಲ ಎಂದು ಕಂಡಾಗ ನಿಲ್ಲಿಸಿದ. "ಅಲ್ಲ ಅರ್ಡಿಸ್, ಮಂಗಳವಾರ ಅವನ ಬೀಳ್ಕೊಡುಗೆ ಊಟ. ಮೈಕಿನ ಮುಂದೆ ನಿಂತು, ಯಾರ ಮನೇಲಿದ್ದೆ, ಏನು ಕಲಿತೆ ಅಂತ ಹೇಳ್ತಾನೆ. ಅಲ್ಲೂ ಹೀಗೇ ಕರೆದ್ರೆ? ಹಾಗಂದ್ರೇನಪ್ಪ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಅಲ್ಲಿ ಕೂತಿರೋ ಅರ್ಧ ಜನ ನಿಮ್ಮಮ್ಮನ್ನ ಕಂಡವರು."

"ಗೊತ್ತು ಕಣೋ."

"ಅವನಿಗೆ ಹೇಳ್ಬಿಡೇ. ಪಾಪ, ಹುಡುಗ ನಗೆಪಾಟಲಾಗ್ತಾನೆ."

ಅವನು ಹೋದ ಮೇಲೂ ಅರ್ಡಿಸ್ ಕೌಂಟರಿನ ಹತ್ತಿರವೇ ನಿಂತಿದ್ದಳು. ತನ್ನನ್ನು ನೋಡಿ ನಕ್ಕರೆ ನಗಲಿ, ಈ ವಯಸ್ಸಿನಲ್ಲಿ ಏನಾಗಬೇಕು? ಆದರೆ ಅಮ್ಮನ ಮಾತು ಮತ್ತೆ ಊರ ಬಾಯಿಗೆ ಬೀಳುತ್ತದೆ. ಹುಡುಗ ಅಷ್ಟು ಗೌರವದಿಂದ ಕರೆದದ್ದು ತಮಾಷೆಯಾಗುತ್ತದೆ. ಇವಳು ನನಗೆ ಸುಳ್ಳು ಹೇಳಿದಳಲ್ಲ ಎಂದು ಅವನು ಅಷ್ಟು ಜನರ ನಡುವೆ ತಿಳಿಯಬೇಕಾಗುತ್ತದೆ.

ಸೋಮವಾರ ಅಂಗಡಿ ಮುಚ್ಚುವ ಹೊತ್ತಿಗೆ ಹೇಳಿದಳು. ಗ್ಲೆಬ್ ಕೊನೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

"ಒಂದು ವಿಷ್ಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನನ್ನ ಅಪ್ಪನ ಹೆಸರು ವಾಲ್ಟರ್ ಅಲ್ಲ. ಯಾರು ಅಂತಾನೇ ನನಗೆ ಗೊತ್ತಿಲ್ಲ. ನೀನು ಕೇಳಿದಾಗ ಎದುರಿಗೆ ಬೆಕ್ಕು ಕೂತಿತ್ತು."

ಗ್ಲೆಬ್ ಇಸ್ತ್ರಿಪೆಟ್ಟಿಗೆ ಎತ್ತಿಟ್ಟ.

"ಅಂದ್ರೆ... ಎರಡು ತಿಂಗಳಿಂದ ನಿಮ್ಮನ್ನ ನಾನು ಬೆಕ್ಕಿನ ಮಗಳೇ, ಬೆಕ್ಕಿನ ಮಗಳೇ ಅಂತ ಕರೀತಿದೀನಾ?"

"ಹೂಂ."

"ಗಿರಾಕಿಗಳ ಎದುರಿಗೆ?"

"ಹೂಂ ಕಣೋ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗಿತು. ಅಳುತ್ತಿದ್ದಾನೆಂದು ಹೆದರಿ ಅವಳು ಹತ್ತಿರ ಹೋದರೆ, ನಗುತ್ತಿದ್ದ. "ಅದಕ್ಕೆ ಕೋಟಿಂದ ಏಳಿ ಅಂತ ಬೇರೆ ಕೇಳ್ಕೊಂಡಿದೀನಲ್ಲ!" ಅಂದ. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಅಂಗಿಗಳ ನಡುವೆ ನಿಂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳ ಕಣ್ಣ ನೀರು ಮಾತ್ರ ನಗು ನಿಂತ ಮೇಲೂ ನಿಲ್ಲಲಿಲ್ಲ.

ಗ್ಲೆಬ್ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ. "ನಮ್ಮಲ್ಲೂ ಅಪ್ಪ ಯಾರು ಅಂತ ಗೊತ್ತಿಲ್ಲದ ಮಕ್ಕಳಿರ್ತಾರೆ" ಅಂದ ನಿಧಾನವಾಗಿ. "ಆದ್ರೆ ಅವರಿಗೂ ಯಾರದಾದ್ರೂ ಹೆಸರು ಸೇರಿಸ್ತಾರೆ. ಅಜ್ಜಂದೋ, ಮಾವಂದೋ. ಖಾಲಿ ಬಿಡಲ್ಲ."

"ನಮ್ಮಲ್ಲಿ ಖಾಲಿ ಬಿಟ್ಬಿಟ್ರು." ಅವಳು ಮೂಗೊರೆಸಿಕೊಂಡಳು. "ಅಮ್ಮನ ಹೆಸರು ಸೇರಿಸೋ ಹಾಗಿಲ್ವಾ?"

"ಇಲ್ಲ, ಹಾಗೆ ಯಾರೂ ಅನ್ನಲ್ಲ. ವ್ಯಾಕರಣ ತಪ್ಪಾಗತ್ತೆ. ಕೇಳಿದವರು ನಗ್ತಾರೆ."

"ಹಾಗಾದ್ರೆ ಬಿಡು. ನಾಳೆ ಮಿಸೆಸ್ ಹೌಗನ್ ಅಂತಾನೇ ಅನ್ನು."

"ಆಯ್ತು" ಅಂದ ಗ್ಲೆಬ್. ಮನೆಗೆ ಹೋಗುವ ದಾರಿಯಲ್ಲಿ ಅವನು ಅವಳನ್ನು ಏನೆಂದೂ ಕರೆಯಲಿಲ್ಲ. ಊಟದ ಹೊತ್ತಿಗೂ "ಉಪ್ಪು ಕೊಡ್ತೀರಾ" ಅಂದ, ಅಷ್ಟೇ. ಸತ್ಯ ಹೇಳಿದ್ದಕ್ಕೆ ಸಮಾಧಾನ ಆಗಬೇಕಿತ್ತು. ಅರ್ಡಿಸಳಿಗೆ ಏನೋ ಕಳೆದುಕೊಂಡ ಹಾಗಾಯಿತು.

ಮಂಗಳವಾರ ಮಧ್ಯಾಹ್ನ ಹೋಟೆಲಿನ ಹಾಲಿನಲ್ಲಿ ಮೇಜುಗಳೆಲ್ಲ ತುಂಬಿದ್ದವು. ಮಾಂಸದುಂಡೆ, ಬೇಯಿಸಿ ಹಿಸುಕಿದ ಆಲೂಗಡ್ಡೆ, ನಡುಗುವ ಹಸಿರು ಜೆಲ್ಲಿ. ರೂಢಿಯಂತೆ ಒಬ್ಬೊಬ್ಬರೇ ಎದ್ದು ತಮ್ಮ ಹೆಸರು, ಕಸುಬು ಹೇಳಿ ಕೂತರು. ಅರ್ಡಿಸಳೂ ಎದ್ದು, "ಅರ್ಡಿಸ್ ಹೌಗನ್, ಡ್ರೈಕ್ಲೀನಿಂಗ್" ಅಂದು ಕೂತಳು. ಡೆಲ್ಮರ್ ಹುಡುಗನನ್ನು ಮೈಕಿಗೆ ಕರೆದ.

ಗ್ಲೆಬ್ ತಾನೇ ಇಸ್ತ್ರಿ ಮಾಡಿಕೊಂಡ ಅಂಗಿ ತೊಟ್ಟಿದ್ದ. ಎಲ್ಲರಿಗೂ ನಮಸ್ಕಾರ ಹೇಳಿದ, ನಗಬೇಕಾದಲ್ಲೆಲ್ಲ ನಕ್ಕ. ನಕ್ಕಿದ್ದು ಚೆನ್ನಾಗಿಯೇ ಇತ್ತು.

"ನನ್ನನ್ನ ಮನೇಲಿಟ್ಕೊಂಡು ಕೆಲಸ ಕಲಿಸಿದವರು ಅರ್ಡಿಸ್ ವಾ..." ನಾಲಿಗೆ ರೂಢಿಯ ದಾರಿ ಹಿಡಿದಿತ್ತು. ಅವನು ಗಕ್ಕನೆ ನಿಂತ. "ಮಿಸೆಸ್ ಹೌಗನ್" ಅಂದ, ಕಹಿ ಮಾತ್ರೆ ನುಂಗಿದವನ ಹಾಗೆ.

ಯಾರೂ ಏನೂ ಗಮನಿಸಲಿಲ್ಲ. ಅರ್ಡಿಸಳಿಗೆ ಬೇಕಾಗಿದ್ದದ್ದೂ ಅದೇ. ಹುಡುಗ ನಗೆಪಾಟಲಾಗಲಿಲ್ಲ, ಅಮ್ಮನ ಮಾತು ಏಳಲಿಲ್ಲ. ಈ ಹಾಲಿನಲ್ಲಿ ಅಮ್ಮನ ಮಾತು ಎಂದೂ ಎದ್ದಿರಲಿಲ್ಲ, ಇನ್ನು ಏಳುವುದೂ ಇಲ್ಲ. ಅದು ಹೊಳೆದ ಕೂಡಲೇ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಡೆಲ್ಮರನ ಮೇಲಲ್ಲ, ಊರಿನ ಮೇಲೂ ಅಲ್ಲ, ತನ್ನ ಮೇಲೆ. ಹಿಂದೆ ಮುಂದೆ ನೋಡದೆ ಎದ್ದು ನಿಂತಳು.

"ಡೆಲ್ಮರ್, ಒಂದ್ನಿಮಿಷ. ಗ್ಲೆಬ್, ತಡಿಯಪ್ಪ."

ಹಾಲೆಲ್ಲ ಅವಳ ಕಡೆ ತಿರುಗಿತು.

"ಇವರೂರಲ್ಲಿ ಹಿರಿಯರನ್ನ ಅಪ್ಪನ ಹೆಸರು ಸೇರಿಸಿ ಕರೀತಾರೆ. ನನ್ನ ಅಪ್ಪ ಯಾರು ಅಂತ ಇವನು ಕೇಳ್ದ. ನಿಮಗೆಲ್ಲ ಗೊತ್ತೇ ಇದೆಯಲ್ಲ, ನಾನೇನು ಹೇಳ್ಲಿ? ನಮ್ಮ ಬೆಕ್ಕಿನ ಹೆಸರು ಹೇಳ್ದೆ."

ಒಂದಿಬ್ಬರು ಕಿಸಕ್ಕೆಂದರು.

"ನಗ್ರಪ್ಪ, ನಾವೂ ನಕ್ಕಿದೀವಿ. ಆದ್ರೆ ನನ್ನ ಹೆತ್ತು ಸಾಕಿದವಳು ಸಿಗ್ನೆ. ನಿಮ್ಮ ಅಪ್ಪಂದಿರ ಕಾಲರಿಗೆ ಗಂಜಿ ಹಾಕಿ ಹಾಕಿ ಅವಳ ಬೆರಳೆಲ್ಲ ಒಡೆದಿದ್ವು. ಈ ಹಾಲಿಗೆ ಹಿಂದಿನ ಬಾಗಿಲಿಂದ ಮೇಜುಬಟ್ಟೆ ಹೊತ್ಕೊಂಡು ಬರೋಳು, ಹಿಂದಿನ ಬಾಗಿಲಿಂದಲೇ ಹೋಗೋಳು. ನಾನು ಇಲ್ಲಿ ಸದಸ್ಯೆಯಾಗಿ ಇಷ್ಟು ವರ್ಷ ಆದ್ರೂ ಅವಳ ಹೆಸರು ಒಂದ್ಸಲಾನೂ ಎತ್ತಲಿಲ್ಲ." ಅವಳು ಮೇಜಿನ ಮೇಲೆ ಕೈಯೂರಿದಳು. "ನಾನು ಅರ್ಡಿಸ್ ಸಿಗ್ನೆವ್ನಾ. ಹಾಗನ್ನೋದು ವ್ಯಾಕರಣ ತಪ್ಪಂತೆ. ತಪ್ಪಾದ್ರೆ ಆಗ್ಲಿ."

ಆ ತಪ್ಪು ತಿಳಿಯುವವನು ಆ ಹಾಲಿನಲ್ಲಿ ಒಬ್ಬನೇ ಇದ್ದ. ಅರ್ಡಿಸ್ ಅವನನ್ನೇ ನೋಡಿದಳು.

ಗ್ಲೆಬ್ ನಗಲಿಲ್ಲ. ಮೈಕನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, ಅಂಗಿಯ ಕೊರಳು ಸರಿಮಾಡಿಕೊಂಡು, ಹಿರಿಯರೆದುರು ನಿಲ್ಲುವ ಹಾಗೆ ನೆಟ್ಟಗೆ ನಿಂತ.

"ಅರ್ಡಿಸ್ ಸಿಗ್ನೆವ್ನಾ," ಅಂದ, ಹಿಂದಿನ ಮೇಜಿಗೂ ಕೇಳುವಷ್ಟು ಗಟ್ಟಿಯಾಗಿ, "ನಾನಿನ್ನು ಶುರು ಮಾಡ್ಲಾ?"

"ಮಾಡಪ್ಪ" ಅಂದಳು. ತಲೆಯಾಡಿಸಿ ಕೂತುಕೊಂಡಳು.