ಟೊಪ್ಪಿಗೆ ಹಾಕಿದ ಒಂದು

ಹುಬ್ಬಳ್ಳಿಯ ಹತ್ತಿ ಪ್ರೆಸ್ಸಿನಲ್ಲಿ ಅಂಡಿಗೆಗಳ, ಅಂದರೆ ಗೋಣಿ ಸುತ್ತಿ ಹೊಲಿದ ಹತ್ತಿಮೂಟೆಗಳ ಮೇಲೆ ಕುಂಚದಿಂದ ಇಂಗ್ಲಿಷ್ ನಂಬರು ಬರೆಯುವ ಮಕಬೂಲಸಾಬನಿಗೆ ಐದೂ ಅಷ್ಟೆ, ಒಂಬತ್ತೂ ಅಷ್ಟೆ. ಒಂದು ಬಂದರೆ ಮಾತ್ರ ಆಸಾಮಿಯೇ ಬೇರೆ. ಬಾಯೊಳಗೇ ಬಿಸ್ಮಿಲ್ಲಾ ಅಂದು, ಉಸಿರು ಹಿಡಿದು, ಮೇಲಿನಿಂದ ಕೆಳಕ್ಕೆ ನೆಟ್ಟಗೆ ಒಂದೇ ಗೀಟು ಎಳೆಯುವನು. ಲೋಕಕ್ಕೆ ಅದು ಒಂದು. ಅವನಿಗೆ ಅಲಿಫ್, ಅಲ್ಲಾಹನ ಹೆಸರಿನ ಮೊದಲ ಅಕ್ಷರ. ಚಿಕ್ಕಂದಿನಲ್ಲಿ ಕಲಿಸಿದ ಉಸ್ತಾದರು, "ಇದು ನಡುಗದಂಗ ಬರೂತನಕಾ ಎರಡನೇ ಅಕ್ಷರದ ಕಡೆ ನೋಡಬ್ಯಾಡ" ಎಂದಿದ್ದರು. ಉಸ್ತಾದರು ತೀರಿಹೋಗಿ ಇಪ್ಪತ್ತು ವರ್ಷ. ಗೀಟು ಇನ್ನೂ ನಡುಗುತ್ತಿತ್ತು. ಕಾಗದ ಕೊಳ್ಳುವ ತಾಕತ್ತು ಅವನಿಗೆಲ್ಲಿಂದ ಬರಬೇಕು? ಗೋಣಿತಟ್ಟೇ ಅವನ ಹಾಳೆ, ಅದರ ಮೇಲೆ ಎಳೆಯುವ ಗೀಟೇ ಅವನ ಇನ್ನೊಂದು ನಮಾಜು.

ಇದಕ್ಕೆ ಕಲ್ಲು ಬಿದ್ದದ್ದು ಮುಂಬಯಿಯಿಂದ. ಅಲ್ಲಿಯವರು ಆ ಬರೀ ಗೀಟನ್ನು ಗೋಣಿಯ ಹೊಲಿಗೆ ಎಂದುಕೊಂಡು, 170ನ್ನು ಎಪ್ಪತ್ತು ಎಂದು ಓದಿ, ಅಂಡಿಗೆಯನ್ನು ಬೇರೆ ಯಾರದೋ ಗೋದಾಮಿಗೆ ಸಾಗಿಸಿಬಿಟ್ಟರು. ಗುಮಾಸ್ತ ಯಜ್ಞೇಶ್ವರರಾಯರು ಅವರ ಪತ್ರ ಹಿಡಿದುಕೊಂಡೇ ಬಂದರು.

"ಮಕಬೂಲ, ನಾಳಿಂದ ಒಂದಕ್ಕ ಮ್ಯಾಲೆ ಮೂಗು, ಕೆಳಗ ಅಡ್ಡಗೀಟು ಇರಬೇಕ ನೋಡು. ಇಲ್ಲಾಂದ್ರ ಬ್ಯಾರೆಯವರನ್ನ ಹಚ್ಚತೇನಿ."

"ಅದಕ್ಕ ಮೂಗ ಇಲ್ರಿ, ರಾಯರ."

"ಇಲ್ದಿದ್ರ ನೀನ ಒಂದು ಮೂಗು ಹಚ್ಚು!"

ಮಕಬೂಲಸಾಬ ಕುಂಚ ತೊಳೆದಿಟ್ಟು ಮನೆಯ ದಾರಿ ಹಿಡಿದ. ದೇವರ ಅಕ್ಷರಕ್ಕೆ ಕೊಂಬು-ಬಾಲ ಹಚ್ಚುವುದು ಹೇಗೆ? ಕೆಲಸ ಬಿಡೋಣವೆಂದರೆ ಗೋಣಿಯೂ ಇಲ್ಲ, ಅಲಿಫೂ ಇಲ್ಲ. ಮನೆಗೆ ಬಂದು ಹೆಂಡತಿ ಖಾತುನಬಿಯ ಮುಂದೆ ಎಲ್ಲ ತೋಡಿಕೊಂಡ. ರೊಟ್ಟಿ ಬಡಿಯುತ್ತಿದ್ದ ಆಕೆ ಕೈ ನಿಲ್ಲಿಸಲಿಲ್ಲ.

"ನೀವು ಟೊಪಗಿ ಹಾಕ್ಕೊಂಡು ನಮಾಜಿಗೆ ನಿಂದರ್ತೀರಲ್ಲ, ಅಲ್ಲಾಹಗ ನಿಮ್ಮ ಗುರ್ತು ಸಿಗೂದಿಲ್ಲೇನು? ಅಲಿಫ್‌ಗೂ ಒಂದು ಟೊಪಗಿ ಹಾಕ್ರಿ. ಕಾಲಾಗ ನಮಾಜಿನ ಚಾಪಿ ಹಾಸ್ರಿ. ಕೈ ತೊಳಕೊಂಡು ಬರ್ರಿ, ರೊಟ್ಟಿ ಆರತಾವು."

ಮರುದಿನ ಮೊದಲ ಅಂಡಿಗೆಯೇ 210. ಟೊಪ್ಪಿಗೆ ಎಷ್ಟು ಓರೆ ಇರಬೇಕು, ಚಾಪೆ ಎಷ್ಟು ಅಗಲ ಬೇಕು ಎಂಬ ಚಿಂತೆಯಲ್ಲಿ ನಡುವಿನ ಗೀಟು ಎಳೆದದ್ದೇ ಅವನಿಗೆ ತಿಳಿಯಲಿಲ್ಲ. ಉಸಿರು ಹಿಡಿಯುವುದೂ ಮರೆತುಹೋಗಿತ್ತು. ಬರೆದಾದ ಮೇಲೆ ಹಿಂದಕ್ಕೆ ಸರಿದು ನೋಡಿದ. ಗೀಟು ಎಲ್ಲಿಯೂ ನಡುಗಿರಲಿಲ್ಲ. ಅವನ ಕಣ್ಣು ತುಂಬಿ ಬಂತು.

ರಾಯರು ಹತ್ತಿರ ಬಂದು ಕನ್ನಡಕ ಏರಿಸಿದರು. "ಹಾಂ, ಈಗ ಒಂದು ಅಂತ ಕಾಣಸ್ತು ನೋಡಪಾ."

"ಹೌದ್ರಿ ರಾಯರ," ಎಂದ ಮಕಬೂಲಸಾಬ. "ನನಗೂ ಇವತ್ತ ಕಾಣಸ್ತರಿ."