ಮೂಲೆಯ ಮಣ್ಣು

ಇಟ್ಟಿಗೆ ಗೂಡಿಗೆ ಬಂದ ಮಣ್ಣು ಮೊದಲು ದೊಡ್ಡಮ್ಮನ ನಾಲಿಗೆಗೆ ಬರಬೇಕು. ಉಪ್ಪು ಮಣ್ಣಿನ ಇಟ್ಟಿಗೆ ಗೋಡೆಗೇರಿದ ವರ್ಷಕ್ಕೇ ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೇ ಟ್ರ್ಯಾಕ್ಟರ್ ನಿಂತ ಕೂಡಲೇ ಮೇಸ್ತ್ರಿ ಕೂಗುತ್ತಿದ್ದ: "ದೊಡ್ಡಮ್ಮಾ, ಊಟ ಬಂತು, ಬಾ!" ಅವಳು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ, ಉಗುಳಿ, "ಆಗ್ಬಹುದು" ಎಂದರೆ ಮಣ್ಣು ಕಲಸುವ ಗುಂಡಿಗೆ ಇಳಿಯುತ್ತಿತ್ತು.

ಮಣ್ಣಿನ ರುಚಿ ಅವಳಿಗೆ ಕಲಿಸಿದ್ದು ಅವಳ ಹೊಲ. ಅದು ರಸ್ತೆಯಾಚೆಗೇ ಇತ್ತು. ಪಟ್ಟಣದಲ್ಲಿ ಕಾರ್ಖಾನೆಗಳೆದ್ದವು, ಅವುಗಳ ಬೆನ್ನಿಗೆ ಬಾಡಿಗೆ ಮನೆಗಳೆದ್ದವು. ಊರು ಮೇಲಕ್ಕೆ ಬೆಳೆದಷ್ಟೂ ಸುತ್ತಲಿನ ಹೊಲಗಳು ಕೆಳಕ್ಕಿಳಿದವು. ಗೂಡಿನ ಯಜಮಾನ ಒಂದು ದಿನ ಅವಳ ಬಾಗಿಲಿಗೂ ಬಂದಿದ್ದ.

"ಹೊಲ ಯಾರು ಕೇಳಿದ್ರು ತಾಯಿ? ಹೊಲ ನಿಮ್ದೇ. ಮೇಲಿನ ಒಂದಡಿ ಮಣ್ಣು ಕೊಡಿ, ಸಾಕು. ತಗ್ಗಾದ್ರೆ ನೀರೂ ಚೆನ್ನಾಗಿ ನಿಲ್ಲುತ್ತೆ."

ಗಂಡ ಹೆಬ್ಬೆಟ್ಟು ಒತ್ತಿದ. ದೊಡ್ಡಮ್ಮ ಕೇಳಿದ್ದು ಒಂದೇ: ಮೂಡಣ ಮೂಲೆ ಮುಟ್ಟಬಾರದು. ನಾಲ್ಕು ವರ್ಷಕ್ಕೇ ಜ್ವರದಲ್ಲಿ ಹೋದ ಅವಳ ಮಗಳು ಅಲ್ಲಿದ್ದಳು.

"ಮಕ್ಕಳಾಣೆಗೂ ಮುಟ್ಟೋದಿಲ್ಲ" ಎಂದಿದ್ದ ಯಜಮಾನ.

ಒಂದಡಿ ಎಂದದ್ದು ಒಂದಾಳುದ್ದವಾಯಿತು. ಕಾಗದದಲ್ಲಿ ಹೊಲ ಇಂದಿಗೂ ಅವರದೇ; ನೆಲದಲ್ಲಿ ಅದು, ಆ ಮೂಲೆಯೊಂದನ್ನು ಬಿಟ್ಟರೆ, ನೀರು ನಿಂತ ಹೊಂಡ. ಹೊಂಡವನ್ನು ಉಳುವವರುಂಟೇ? ಗಂಡ ಹೆಂಡತಿ ರಸ್ತೆ ದಾಟಿ ಬಂದರು. ಅವನು ಮಣ್ಣು ತುಳಿಯಲು ನಿಂತ, ಇವಳು ಅಚ್ಚು ಹಾಕಲು ಕುಳಿತಳು.

ಪಕ್ಕದಲ್ಲೇ ಅಚ್ಚು ಹಾಕುತ್ತಿದ್ದವಳು ಬಲು ದೂರದಿಂದ ಬಂದ ಹೆಣ್ಣು. ಮಾತುಮಾತಿಗೂ ನಗುತ್ತಿದ್ದಳೆಂದು ಎಲ್ಲರೂ ಅವಳನ್ನು ನಗೆಮಾರಿ ಎನ್ನುತ್ತಿದ್ದರು.

"ನಮ್ಮ ಹೊಲದಡಿ ಕಲ್ಲಿದ್ದಲು ಸಿಕ್ತು ದೊಡ್ಡಮ್ಮಾ. ಭಾಗ್ಯ ಬಂತು ಅಂದ್ರು. ಭಾಗ್ಯ ಒಂದು ಲಾರಿ ಹತ್ಕೊಂಡು ಹೋಯ್ತು, ನಾವು ಹಿಂದಿನ ಲಾರಿ ಹತ್ತಿದ್ವಿ!"

ಒಮ್ಮೆ ದೊಡ್ಡಮ್ಮನಿಗೆ ನೆಗಡಿಯಾಯಿತು; ಮೂಡಣ ಮೂಲೆಯ ಕಡೆಗೂ ಹೋಗಿರಲಿಲ್ಲ. ಮೂಗು ಕಟ್ಟಿ ನಾಲಿಗೆ ಮರದ ತುಂಡಾಗಿತ್ತು. ಹೇಳಿದರೆ ಮೇಸ್ತ್ರಿ "ಹಾಗಾದ್ರೆ ಮನೇಲೇ ಇರು" ಎಂದುಬಿಡುತ್ತಾನೆ. ಎರಡು ದಿನ ಬಂದ ಮಣ್ಣಿಗೆಲ್ಲ ಸುಮ್ಮನೆ ನಾಲಿಗೆ ಮುಟ್ಟಿಸಿ "ಆಗ್ಬಹುದು" ಎಂದಳು. ತನ್ನ ಕೈಯಾರೆ ಅಚ್ಚು ಹಾಕಿದಳು.

ಮೂರನೆಯ ಬೆಳಿಗ್ಗೆ ನೆಗಡಿ ಇಳಿದಿತ್ತು. ಉಳಿದ ರಾಶಿಯಿಂದ ಚಿಟಿಕೆ ಎತ್ತಿ ಬಾಯಿಗಿಟ್ಟಳು. ಉಗುಳಲಿಲ್ಲ.

ಬೂದಿಯ ಒಗರು. ಮಗಳನ್ನು ಮಲಗಿಸಿದ ಜಾಗಕ್ಕೆ ಇರುವೆ ಬಾರದಿರಲೆಂದು ಏಳು ವರ್ಷ ದಿನಬೆಳಗೂ ಒಲೆಯ ಬೂದಿ ಸುರಿದವಳು ಅವಳೇ. ಇಡೀ ಹೊಲದಲ್ಲಿ ಬೇರೆಲ್ಲೂ ಇಲ್ಲದ ರುಚಿ ಅದು.

"ಏನೇ, ಉಪ್ಪಾ?" ಗುಂಡಿಯೊಳಗಿಂದ ಗಂಡ ಕೇಳಿದ.

"ತುಳೀಬೇಡ."

"ಯಾಕೆ?"

"ನಮ್ಮ ಕೂಸು."

ಅವನು ಮೊಣಕಾಲುದ್ದದ ಕೆಸರಿನಲ್ಲಿ ಕಾಲು ಎತ್ತಲೂ ಆರದೆ, ಇಡಲೂ ಆರದೆ ನಿಂತುಬಿಟ್ಟ.

ಅವಳು ಒಣಹಾಕಿದ ಇಟ್ಟಿಗೆ ಸಾಲುಗಳ ನಡುವೆ ಓಡಿದಳು. ಎಲ್ಲ ಒಂದೇ ಅಳತೆ, ಒಂದೇ ಮುಖ. ಇದರಲ್ಲೋ? ಅದರಲ್ಲೋ? ಬಿಸಿಲಿಗೆ ಕಾದ ಒಂದೊಂದು ಹಸಿ ಇಟ್ಟಿಗೆಯೂ ಜ್ವರದ ಹಣೆಯಂತೆ ಅಂಗೈಗೆ ಸುಡುತ್ತಿತ್ತು.

"ದಾರಿ ಬಿಡು! ಇವತ್ತೇ ಗೂಡಿಗೆ ಹೇರಬೇಕು" ಎಂದ ಮೇಸ್ತ್ರಿ.

"ಇವನ್ನ ಸುಡೋ ಹಾಗಿಲ್ಲ."

"ನೀನೇ ಆಗ್ಬಹುದು ಅಂದಿದ್ಯಲ್ಲ!"

ದೊಡ್ಡಮ್ಮ ಸಾಲಿನ ಮುಂದೆ ಕೂತಳು, ಏಳಲಿಲ್ಲ. ಯಜಮಾನನೇ ಬರಬೇಕಾಯಿತು.

"ಅಲ್ಲಮ್ಮಾ, ಅಗೆಯೋ ಯಂತ್ರಕ್ಕೆ ಮೂಡಣ ಪಡುವಣ ತಿಳಿಯುತ್ತಾ? ಮಣ್ಣಿಗೆ ಹೋದದ್ದು ಮಣ್ಣೇ. ಹೋಗ್ಲಿ, ನಿನ್ನ ಮಗಳು ಯಾವ ಇಟ್ಟಿಗೇಲಿದಾಳೆ ತೋರಿಸು, ಅದೊಂದನ್ನ ತಗೊಂಡು ಹೋಗು."

ಮೇಸ್ತ್ರಿ ಕಿಸಕ್ಕೆಂದ. ನಗೆಮಾರಿ ನಗಲಿಲ್ಲ. ಅಚ್ಚನ್ನು ಕೆಳಗಿಟ್ಟು ಎದ್ದಳು.

"ಯಾವ್ದು ಅಂತ ಗೊತ್ತಿಲ್ದಿದ್ರೆ ಎಲ್ಲಾನೂ ಅವಳೇ, ಯಜಮಾನ್ರೇ."

"ನಿನಗೇನೇ? ನೀನು ಈ ಊರಿನವಳಾ?"

"ನಮ್ಮೋರ ಗೋರಿಗಳು ಕಲ್ಲಿದ್ದಲ ಜೊತೆ ಯಾವ ಒಲೇಲಿ ಉರಿದುಹೋದ್ವೋ, ಕೇಳೋಕೆ ನಾನಲ್ಲಿರಲಿಲ್ಲ. ಇಲ್ಲಿದ್ದೀನಿ."

ಹಲಗೆಯ ಮೇಲೆ ಎಂಟು ಇಟ್ಟಿಗೆ ಜೋಡಿಸಿ ದೊಡ್ಡಮ್ಮನ ತಲೆಗೆ ಹೊರಿಸಿದಳು. ತಾನೂ ಎಂಟು ಹೊತ್ತಳು. ಗಂಡ ಕೆಸರಿನಿಂದ ಕಾಲು ಕಿತ್ತುಕೊಂಡು ಬಂದ. ಮಣ್ಣು ಕಲಸುವವರು, ಅಚ್ಚು ಹಾಕುವವರು, ಗೂಡಿಗೆ ಹೇರುವವರು, ಒಬ್ಬರ ಹಿಂದೊಬ್ಬರು ಹಲಗೆ ಎತ್ತಿದರು. ಸಾಲು ರಸ್ತೆ ದಾಟಿತು.

"ಗುಡಿಸಲು ಖಾಲಿ ಮಾಡಿಸ್ತೀನಿ! ನಾಳೆನೇ ಬೇರೆ ಕಡೆಯಿಂದ ಲಾರಿ ತುಂಬ ಜನ ತರಿಸ್ತೀನಿ!" ಯಜಮಾನ ಹಿಂದಿನಿಂದ ಅರಚಿದ.

ತಲೆಯ ಮೇಲೆ ಭಾರವಿದ್ದುದರಿಂದ ದೊಡ್ಡಮ್ಮ ತಿರುಗಲಿಲ್ಲ.

"ತರಿಸಿ. ಅವ್ರಿಗೂ ಒಂದು ಹೊಲ ಇದ್ದಿರುತ್ತೆ."

ಹೊಂಡದ ದಡದಲ್ಲಿ ಕುಳಿತು ಮೊದಲ ಇಟ್ಟಿಗೆಯನ್ನು ಎರಡೂ ಕೈಯಿಂದ ನೀರಿಗಿಳಿಸಿದಳು. ಮೊದಲು ಅಂಚು ಕರಗಿತು, ಆಮೇಲೆ ಮುಖ. ನೀರು ಕೆಂಪಗೆ ಬಿಚ್ಚಿಕೊಂಡಿತು. ಕೈಯೊಳಗೆ ಏನೂ ಉಳಿಯದಂತಾಗುವವರೆಗೂ ಹಿಡಿದಿದ್ದಳು. ಬಳಿಕ ಎರಡನೆಯದಕ್ಕೆ ಕೈ ಚಾಚಿದಳು.