ಸದ್ದಿನಿಂದ ಎದ್ದ ಕಲ್ಲು

ಕಲ್ಲುಗಳಿಗೆ ಹಗ್ಗ ಕಟ್ಟಿ, ಸಾವಿರಾರು ಜನ ಎಳೆದು ಪಿರಮಿಡ್ ಕಟ್ಟಿದರಂತೆ. ನಂಬುವವರು ನಂಬಲಿ, ನಾನು ನಂಬುವುದಿಲ್ಲ. ರಾಣೆಬೆನ್ನೂರಿನಿಂದ ಬಂದು ಪೀಣ್ಯದಲ್ಲಿ ಲೋಹದ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಜೀವಮಾನವೆಲ್ಲ ಕ್ರೇನಿನ ಜೊತೆ ಹೆಣಗಿದವನು ನಾನು, ಮುರಿಗೆಪ್ಪ. ಒಂದು ಮಷೀನು ಎತ್ತಿ ಇಳಿಸುವುದರೊಳಗೆ ನಮಗೆ ಸಾಕುಸಾಕಾಗುತ್ತಿತ್ತು. ಈಜಿಪ್ಟಿನವರು ಕಲ್ಲು ಎತ್ತಿದ್ದು ಸದ್ದಿನಿಂದ. ಒಂದು ಬಗೆಯ ನಾದ ಹೊರಡಿಸಿದರೆ ಕಲ್ಲು ಹತ್ತಿಯ ಹಾಗೆ ತೇಲುತ್ತದೆ. ಈ ಗುಟ್ಟನ್ನು ಯಾರೋ ಬೇಕೆಂದೇ ಮುಚ್ಚಿಟ್ಟಿದ್ದಾರೆ.

ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಮಗಳು ರಕ್ಷಿತಾ, "ಆ ವಿಡಿಯೋಗಳನ್ನ ನೋಡೋದು ಕಮ್ಮಿ ಮಾಡಪ್ಪಾ" ಎನ್ನುತ್ತಾಳೆ. ಹೆಂಡತಿ ಚನ್ನಬಸಮ್ಮ ಒಬ್ಬಳೇ ತಲೆಯಾಡಿಸುತ್ತಾಳೆ. ಪ್ರೆಸ್ ಶಾಪಿನ ಗದ್ದಲದಲ್ಲಿ ಕೂಗಿ ಕೂಗಿ ಅಭ್ಯಾಸವಾದ ಗಂಟಲು ನನ್ನದು; ಮಾತೆಲ್ಲ ನನ್ನದೇ, ಎದುರಿನವರು ತಲೆಯಾಡಿಸಿದರೆ ಸಾಕು. ಮೊದಮೊದಲು ಹಿಗ್ಗಿದೆ. ಆಮೇಲೆ ಅನುಮಾನ ಬಂತು. ಸಾರಿನ ಉಪ್ಪಿನ ವಿಷಯದಲ್ಲೂ ನನ್ನ ಮಾತು ಒಪ್ಪದವಳು ಪಿರಮಿಡ್ಡನ್ನು ಇಷ್ಟು ಸುಲಭವಾಗಿ ಒಪ್ಪುವುದೆಂದರೇನು?

ಕಣ್ಣಿಟ್ಟು ನೋಡತೊಡಗಿದೆ. ಅಮ್ಮ, ಮಗಳು ಒಂದೇ ಸೋಫಾದಲ್ಲಿ ಕೂತು ಒಬ್ಬರಿಗೊಬ್ಬರು ಮೊಬೈಲಿನಲ್ಲಿ ಮೆಸೇಜು ಹಾಕುತ್ತಿದ್ದರು! ನಾನು ಹತ್ತಿರ ಬಂದರೆ ಫೋನು ಬೋರಲು. ನನ್ನನ್ನು ತಲೆ ಡಾಕ್ಟರಿಗೆ ತೋರಿಸುವ ಸಂಚೇ ಇರಬೇಕು ಎಂದುಕೊಂಡೆ. ಪರೀಕ್ಷೆಗೆಂದು ಒಂದು ದಿನ, "ಪಿರಮಿಡ್ ಕಟ್ಟಿಸಿದ್ದು ನಮ್ಮಪ್ಪ" ಎಂದೆ. ರೊಟ್ಟಿ ಬಡಿಯುತ್ತಿದ್ದವಳು ಅದಕ್ಕೂ ತಲೆಯಾಡಿಸಿದಳು. ಮೈಯೆಲ್ಲ ಉರಿದುಹೋಯಿತು. ನಂಬದಿದ್ದರೆ ಜಗಳವಾಡಲಿ, ಹುಚ್ಚನಿಗೆ ಹೂಂಗುಟ್ಟಿದ ಹಾಗೆ ಮಾಡುವುದೇ?

ಕಣ್ಣಾರೆ ತೋರಿಸಿಯೇಬಿಡುತ್ತೇನೆ ಎಂದು ಮರುದಿನ ಸ್ಪೀಕರಿನ ಮೇಲೆ ಸ್ಟೀಲ್ ತಟ್ಟೆ ಇಟ್ಟು, ಮಂಡಕ್ಕಿ ಹರಡಿ, ಸದ್ದನ್ನು ಪೂರ್ತಿ ಏರಿಸಿದೆ. ತಟ್ಟೆ ಗಡಗಡ ನಡುಗಿತು, ಮಂಡಕ್ಕಿ ಕುಣಿಯಿತು. ರಕ್ಷಿತಾ ಆಫೀಸಿನ ಮೀಟಿಂಗು ಬಿಟ್ಟು ಕಿವಿ ಮುಚ್ಚಿಕೊಂಡು ಓಡಿಬಂದಳು. ನನಗೆ ಬೆನ್ನು ಹಾಕಿ ಕೂತಿದ್ದ ಚನ್ನಬಸಮ್ಮ ಅವರೆಕಾಯಿ ಸುಲಿಯುತ್ತಲೇ ಇದ್ದಳು.

ಸದ್ದು ನಿಲ್ಲಿಸಿದೆ. ಮಗಳು ತಲೆ ತಗ್ಗಿಸಿದಳು.

"ಅಮ್ಮಂಗೆ ಎರಡು ವರ್ಷದಿಂದ ಕಿವಿ ಕೇಳ್ಸಲ್ಲಪ್ಪಾ. ಮಷೀನ್ ಹಾಕಿದ್ರೂ ಪ್ರಯೋಜನ ಇಲ್ಲ ಅಂದ್ರು ಡಾಕ್ಟ್ರು. ನಿಂಗೆ ಹೇಳ್ಬಾರ್ದು ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡಿದ್ಲು."

ಹೋಗಿ ಚನ್ನಬಸಮ್ಮನ ಎದುರಿಗೆ ಕೂತೆ. ಯಾಕೆ ಹೇಳಲಿಲ್ಲ ಎಂದು ನಿಧಾನವಾಗಿ ಕೇಳಿದೆ. ಅವಳು ನನ್ನ ತುಟಿಯನ್ನೇ ನೋಡಿದಳು.

"ಹೇಳಿದ್ರ ನನ್ನ ಮುಂದ ಮಾತಾಡೋದು ಬಿಡ್ತಿದ್ರಿ" ಎಂದಳು. "ಫೋನಿನಾಗ ಚಿತ್ರ ತೋರಸ್ತಿದ್ರಲ್ಲ, ಏನೋ ಕಲ್ಲಿನ ಸುದ್ದಿ ಅಂತ ಗೊತ್ತಾಗ್ತಿತ್ತು. ಅಷ್ಟು ದೊಡ್ಡ ಕಲ್ಲು ಹೆಂಗ ಎತ್ತಿದ್ರಂತ?"

ಸದ್ದಿನಿಂದ ಎನ್ನಲು ನನಗೆ ಬಾಯಿ ಬರಲಿಲ್ಲ.

"ಹಗ್ಗ ಕಟ್ಟಿ ಎಳದ್ರು" ಎಂದೆ, ತುಟಿ ಬಿಡಿಸಿ ಬಿಡಿಸಿ.

ಚನ್ನಬಸಮ್ಮ ನನ್ನನ್ನು ಅನುಮಾನದಿಂದ ದಿಟ್ಟಿಸಿದಳು.

"ಇಷ್ಟು ಹೇಳಾಕ ಎರಡು ವರ್ಷ ಬೇಕಾತೇನ್ರಿ?"